ಗೈರು ಯಾರ ಲೆಕ್ಕಕ್ಕೆ?

ಬಳ್ಳಾರಿ ಸೀಮೆಯ ಐಗಳ ಮಠಗಳಲ್ಲಿ ಬೆಳಗಿನ ಆರಕ್ಕೇ ಪಾಠ ಶುರುವಾಗುತ್ತಿತ್ತು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು. ಅಲ್ಲಿಂದಾಚೆ ಬಂದ ಒಬ್ಬೊಬ್ಬನಿಗೂ ಒಂದೊಂದು ಏಟು ಹೆಚ್ಚು. ಇಪ್ಪತ್ತನೆಯವನಾಗಿ ಹೊಸ್ತಿಲು ದಾಟಿದವನಿಗೆ ಹದಿನೆಂಟು! ಗಡಿಯಾರದ ಗೊಡವೆಯೇ ಇಲ್ಲದ ಲೆಕ್ಕ ಇದು. ಎಲ್ಲ ಹುಡುಗರೂ ಕೋಳಿ ಕೂಗುವ ಮೊದಲೇ ಬಂದು ಕೂತರೂ ಕೊನೆಯವನೊಬ್ಬ ಇದ್ದೇ ಇರುತ್ತಾನೆ, ಅವನ ಬೆನ್ನಿಗೆ ಏಟು ತಪ್ಪುವುದಿಲ್ಲ.

ಇದನ್ನು ಬರೆದಿಟ್ಟವನು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ್ದ. ಬಹುತೇಕ ಕಲೆಕ್ಟರುಗಳು ಕೋಷ್ಟಕ ತುಂಬಿ ಕೈತೊಳೆದುಕೊಂಡರು. ಕ್ಯಾಂಬೆಲ್ ಮಾತ್ರ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿಯಲ್ಲಿ ಮಠದೊಳಗೆ ಏನು ನಡೆಯುತ್ತದೆ ಎಂಬುದನ್ನೂ ಬಿಡಿಸಿ ಹೇಳಿದ. ಸೋಮಾರಿ ಹುಡುಗರ ಎರಡೂ ಕೈ ಕಟ್ಟಿ ಸೂರಿಗೆ ನೇತುಹಾಕುವುದು, ಎಡೆಬಿಡದೆ ಬಸ್ಕಿ ಹೊಡೆಸುವುದು ಎಲ್ಲವೂ ಅದರಲ್ಲಿದೆ. ನಮ್ಮ ಹಿರಿಯರು ಕೂಲಿಮಠದ ಕಥೆ ಹೇಳುವಾಗ ಕಣ್ಣರಳಿಸಿ ವರ್ಣಿಸುತ್ತಿದ್ದ ಶಿಕ್ಷೆಗಳೂ ಇವೇ.

ಅದೇ ವರದಿಯ ಇನ್ನೊಂದು ಭಾಗವನ್ನು ಓದುವವರು ಕಡಿಮೆ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 9,27,857 ಜನ, ಶಾಲೆಗಳು 533, ಓದುವ ಮಕ್ಕಳು 6,641. ಅಂದರೆ ಸಾವಿರ ಜನಕ್ಕೆ ಸುಮಾರು ಏಳೇ ಮಕ್ಕಳು ಶಾಲೆಯಲ್ಲಿದ್ದರು. ಯಾಕೆ ಹೀಗೆ ಎಂಬ ಪ್ರಶ್ನೆಗೆ ಕ್ಯಾಂಬೆಲ್ ಮಕ್ಕಳ ಸೋಮಾರಿತನವನ್ನೂ ತಂದೆತಾಯಿಯ ಉಡಾಫೆಯನ್ನೂ ದೂರಲಿಲ್ಲ. ವಿಲಾಯಿತಿ ಬಟ್ಟೆ ಬಂದು ನೇಕಾರರ ಬದುಕು ಕೆಟ್ಟಿತು, ಮಧ್ಯಮ ಮತ್ತು ಕೆಳವರ್ಗದ ಕುಟುಂಬಗಳಿಗೆ ಐಗಳ ಕೂಲಿ ಕೊಡಲಾಗುತ್ತಿಲ್ಲ, ಎಳೆಯ ಕೈಗಳಿಗೆ ಒಂದಿಷ್ಟು ಕೆಲಸ ಮಾಡುವ ತ್ರಾಣ ಬಂದೊಡನೆ ಮನೆಯವರಿಗೆ ಆ ಕೈಗಳು ಬೇಕಾಗುತ್ತವೆ ಎಂದು ಬರೆದ. ಶಾಲೆಯ ಹಾಜರಿಯ ಬಗ್ಗೆ ಇನ್ನೂರು ವರ್ಷಗಳಿಂದ ನಡೆದಿರುವ ವಾದದ ಎರಡೂ ಪಕ್ಷ ಒಂದೇ ಕಡತದಲ್ಲಿವೆ. ತಡವಾಗಿ ಬಂದವನಿಗೆ ಏಟು ಎನ್ನುವುದು ಒಂದು ಪಕ್ಷ, ಬಾರದವನು ಯಾಕೆ ಬರಲಿಲ್ಲ ಎಂದು ಕೇಳುವುದು ಇನ್ನೊಂದು.

ಏಟಿನ ಪಕ್ಷ ಬಹುಕಾಲ ಗೆಲ್ಲುತ್ತಲೇ ಬಂತು. ಅದು ಬೆತ್ತದಿಂದ ಕಾನೂನಿಗೆ, ಮಗುವಿನ ಬೆನ್ನಿನಿಂದ ಅಪ್ಪನ ಜೇಬಿಗೆ ವರ್ಗವಾಯಿತು, ಅಷ್ಟೆ. ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಇಂಪೀರಿಯಲ್ ಶಾಸನ ಪರಿಷತ್ತಿನ ಮುಂದಿಟ್ಟ ಪ್ರಾಥಮಿಕ ಶಿಕ್ಷಣ ಮಸೂದೆಯಲ್ಲಿ 6ರಿಂದ 10 ವರ್ಷದ ಗಂಡುಮಕ್ಕಳನ್ನು ಶಾಲೆಗೆ ಕಳಿಸದ ಪೋಷಕರಿಗೆ ದಂಡ ವಿಧಿಸುವ ಅವಕಾಶವಿತ್ತು. ಮರುವರ್ಷ ಅದು 38–13 ಮತಗಳಿಂದ ಬಿದ್ದುಹೋಯಿತು. ಬ್ರಿಟಿಷ್ ಇಂಡಿಯಾದಲ್ಲಿ ಬಿದ್ದದ್ದನ್ನು ಮೈಸೂರು ಎತ್ತಿಕೊಂಡಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಇಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂದು ಆಯ್ದ ಊರುಗಳಲ್ಲಿ ಕಡ್ಡಾಯ ಶಿಕ್ಷಣ ಆರಂಭವಾಯಿತು. ಏಕೀಕರಣದ ನಂತರ 1961ರಲ್ಲಿ ಇಡೀ ರಾಜ್ಯಕ್ಕೆ ಕಡ್ಡಾಯ ಪ್ರಾಥಮಿಕ ಶಿಕ್ಷಣ ಅಧಿನಿಯಮ ಬಂತು. ಹಾಜರಾತಿ ಅಧಿಕಾರಿ ಎಂಬ ಹುದ್ದೆ, ಪೋಷಕರಿಗೆ ಹಾಜರಾತಿ ಆದೇಶ, ಆದೇಶ ಮೀರಿದರೆ ಮೊಕದ್ದಮೆ ಎಲ್ಲವೂ ಅದರಲ್ಲಿದ್ದವು. ಆದರೆ ಒಂದು ಹಳ್ಳಿಯ ಮೇಷ್ಟ್ರು ಅದೇ ಹಳ್ಳಿಯ ಕೂಲಿಯವನ ಮೇಲೆ ಕೇಸು ಹಾಕಿಸಿ ಮರುದಿನ ಅದೇ ಬೀದಿಯಲ್ಲಿ ನಡೆದಾಡುವುದು ಕಷ್ಟ. ಕಾನೂನು ಪುಸ್ತಕದಲ್ಲಿತ್ತು, ಮಗು ಹೊಲದಲ್ಲಿತ್ತು.

ದಂಡವನ್ನು ನಿಜವಾಗಿಯೂ ವಸೂಲು ಮಾಡುವ ದೇಶವೊಂದಿದೆ. ಇಂಗ್ಲೆಂಡಿನಲ್ಲಿ ಶಾಲೆ ನಡೆಯುವಾಗ ಅನುಮತಿಯಿಲ್ಲದೆ ಮಗುವನ್ನು ಐದು ದಿನ ಬಿಡಿಸಿದರೆ ಸ್ಥಳೀಯ ಆಡಳಿತದಿಂದ ದಂಡದ ನೋಟಿಸು ಬರಬಹುದು. 2024ರ ಆಗಸ್ಟ್‌ನಿಂದ ದಂಡ ತಲಾ ಪೋಷಕರಿಗೆ, ತಲಾ ಮಗುವಿಗೆ 80 ಪೌಂಡ್. 21 ದಿನದಲ್ಲಿ ಕಟ್ಟದಿದ್ದರೆ 160. ಮೂರು ವರ್ಷದೊಳಗೆ ಮೂರನೇ ಸಲ ಸಿಕ್ಕಿಬಿದ್ದರೆ ದಂಡದ ಬಾಬತ್ತು ಮುಗಿದು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ವೈಟ್ ದ್ವೀಪದ ಜಾನ್ ಪ್ಲಾಟ್ ಎಂಬ ತಂದೆ 2015ರಲ್ಲಿ ಮಗಳನ್ನು ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಕರೆದೊಯ್ದು, ದಂಡ ಕಟ್ಟದೆ ಸುಪ್ರೀಂ ಕೋರ್ಟಿನವರೆಗೂ ಹೋರಾಡಿದ. ಮಗಳ ಹಾಜರಿ ಶೇ 90ಕ್ಕಿಂತ ಮೇಲಿದೆಯಲ್ಲ ಎನ್ನುವುದು ಅವನ ವಾದ. 2017ರಲ್ಲಿ ತೀರ್ಪು ಅವನ ವಿರುದ್ಧ ಬಂತು: ಸರಾಸರಿ ಚೆನ್ನಾಗಿದ್ದರೆ ಸಾಲದು, ಶಾಲೆಯ ನಿಯಮದಂತೆ ಬರಬೇಕು. ಡಿಸೆಂಬರಿನಲ್ಲಿ ಊರ ಕಡೆ ಮದುವೆಯಿದ್ದು, ವಿಮಾನದ ಟಿಕೆಟ್ಟು ರಜೆ ಶುರುವಾಗುವ ಒಂದು ವಾರ ಮೊದಲು ಅಗ್ಗವಾಗಿ ಸಿಗುವಾಗ, ಲಂಡನ್ನಿನ ಕನ್ನಡದ ಮನೆಗಳಲ್ಲೂ ಈ ದಂಡದ ಲೆಕ್ಕಾಚಾರ ನಡೆಯುವುದು ಸಹಜ.

ಆ ದಂಡಗಳ ಪೈಕಿ ಹತ್ತಕ್ಕೆ ಒಂಬತ್ತು ಪ್ರವಾಸ ಹೋದವರ ಮೇಲೆಯೇ ಬೀಳುತ್ತವೆ. ಇಷ್ಟೆಲ್ಲ ಇದ್ದೂ ಅಲ್ಲಿ ಕೋವಿಡ್‌ಗೆ ಮೊದಲು ಹತ್ತರಲ್ಲೊಂದು ಮಗು ಆಗಾಗ ತಪ್ಪಿಸುತ್ತಿದ್ದರೆ, ನಂತರದ ವರ್ಷಗಳಲ್ಲಿ ಅದು ಐದರಲ್ಲೊಂದಾಯಿತು. ಆದರೂ ಅಲ್ಲಿನ ಹಾಜರಿ ಪುಸ್ತಕದ ಒಂದು ಗುಣವನ್ನು ಮೆಚ್ಚಬೇಕು. ಗೈರಿನ ಜೊತೆಗೆ ಕಾರಣವನ್ನೂ ಒಂದು ಅಕ್ಷರದಲ್ಲಿ ನಮೂದಿಸಬೇಕು: ಕಾಯಿಲೆಗೆ ಒಂದು, ಧಾರ್ಮಿಕ ಹಬ್ಬಕ್ಕೆ ಒಂದು, ಅನುಮತಿಯಿಲ್ಲದ ಪ್ರವಾಸಕ್ಕೆ ಇನ್ನೊಂದು. ತಡವಾಗಿ ಬಂದರೆ ಒಂದು ಅಕ್ಷರ, ಪುಸ್ತಕ ಮುಚ್ಚಿದ ಮೇಲೆ ಬಂದರೆ ಬೇರೆ ಅಕ್ಷರ, ಮತ್ತು ಆ ಹೊತ್ತಿನ ಹಾಜರಿಯೇ ಇಲ್ಲ. ಏನೂ ಗೊತ್ತಿಲ್ಲದಿದ್ದರೆ ‘ಇನ್ನೂ ಗೊತ್ತಾಗಿಲ್ಲ’ ಎನ್ನುವುದಕ್ಕೂ ಅಕ್ಷರವಿದೆ. ಅದನ್ನು ಹಾಗೇ ಬಿಡುವಂತಿಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿ ಬಂದವನಿಗೊಂದು ಗೀಟು, ಬಾರದವನಿಗೊಂದು ಗುರುತು. ಕಾರಣ ಗೊತ್ತಿರುವುದು ಬೆಂಚಿನ ಮೇಲಿನ ಪಕ್ಕದ ಹುಡುಗನಿಗೆ: ‘ಅವ ಊರಿಗಿ ಹೋಗ್ಯಾನ್ರೀ ಸರ.’

ಭಾರತದಲ್ಲಿ ದಿಕ್ಕು ಬದಲಾದದ್ದು ಶಿಕ್ಷಣ ಹಕ್ಕು ಕಾಯ್ದೆಯಿಂದ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಈ ಕಾಯ್ದೆಯನ್ನು ಪೋಷಕರ ಕಣ್ಣಿನಿಂದ ಓದಿದರೆ ಅಚ್ಚರಿಯಾಗುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು 10ನೇ ಸೆಕ್ಷನ್ ಹೇಳಿ ಸುಮ್ಮನಾಗುತ್ತದೆ, ದಂಡದ ಸುದ್ದಿಯಿಲ್ಲ. ಪ್ರತಿ ಮಗುವೂ ದಾಖಲಾಗುವಂತೆ, ದಿನವೂ ಬರುವಂತೆ, ಎಂಟನೆಯವರೆಗೆ ಓದಿ ಮುಗಿಸುವಂತೆ ನೋಡಿಕೊಳ್ಳುವ ಹೊಣೆಯನ್ನು 8 ಮತ್ತು 9ನೇ ಸೆಕ್ಷನ್‌ಗಳು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಹೆಗಲಿಗೆ ಹೊರಿಸುತ್ತವೆ. ಇನ್ನು ಹೊತ್ತಿಗೆ ಸರಿಯಾಗಿ ಬರುವ ಮಾತು 24ನೇ ಸೆಕ್ಷನ್‌ನಲ್ಲಿದೆ. ಅಲ್ಲಿ ಆ ಕಟ್ಟಳೆ ಹಾಕಿರುವುದು ಶಿಕ್ಷಕರಿಗೆ! ಪೋಷಕರ ಸಭೆ ಕರೆದು ಮಗುವಿನ ಹಾಜರಿ ಹೇಗಿದೆ ಎಂದು ತಿಳಿಸುವುದೂ ಅವರದೇ ಕೆಲಸ. ಐದನೆಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು. ಮಗುವನ್ನು ಹೊಡೆಯುವಂತಿಲ್ಲ, ಮನಸ್ಸು ನೋಯಿಸುವಂತಿಲ್ಲ. ತಡವಾಗಿ ಬಂದವನನ್ನು ಬಿಸಿಲಿನಲ್ಲಿ ಮೈದಾನದ ಸುತ್ತ ಓಡಿಸುವ ಪಿ.ಟಿ. ಮೇಷ್ಟ್ರು ಕಾನೂನಿನ ಪ್ರಕಾರ ತಪ್ಪು ಮಾಡುತ್ತಿದ್ದಾರೆ.

ಶಿಕ್ಷಕರ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 2003ರಲ್ಲಿ ದೇಶದಾದ್ಯಂತ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೇಳದೆ ಕೇಳದೆ ಭೇಟಿಕೊಟ್ಟ ಸಂಶೋಧಕರಿಗೆ ನಾಲ್ಕರಲ್ಲಿ ಒಬ್ಬ ಶಿಕ್ಷಕ ಶಾಲೆಯಲ್ಲಿ ಸಿಗಲಿಲ್ಲ. ಪರಿಸ್ಥಿತಿ ಸುಧಾರಿಸಿದೆ. 2024ರ ಅಸರ್ ಸಮೀಕ್ಷೆಯವರು ಹೋದ ದಿನ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಶೇ 87.5ರಷ್ಟು ಶಿಕ್ಷಕರಿದ್ದರು. ಮಕ್ಕಳು ಮಾತ್ರ ಶೇ 75.9. ದಾಖಲಾತಿ ನೂರಕ್ಕೆ ತೊಂಬತ್ತೆಂಟರ ಆಸುಪಾಸಿನಲ್ಲಿರುವ ದೇಶದಲ್ಲಿ, ಯಾವುದೇ ಒಂದು ದಿನ ನಾಲ್ಕರಲ್ಲೊಂದು ಮಗು ಬೆಂಚಿನಲ್ಲಿಲ್ಲ. ಶಾಲೆ ಸೇರುವುದಕ್ಕೂ ಶಾಲೆಯಲ್ಲಿರುವುದಕ್ಕೂ ಇರುವ ಅಂತರ ಇಷ್ಟು.

ಕರ್ನಾಟಕದಲ್ಲಿ ಈ ಅಂತರದ ಮೇಲೆ ಬೆಳಕು ಬಿದ್ದದ್ದು 2013ರಲ್ಲಿ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗೆಗಿನ ಪತ್ರಿಕಾ ವರದಿಯನ್ನು ನೋಡಿ ಹೈಕೋರ್ಟು ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಆಗ ಸತತ 60 ದಿನ ಬಾರದ ಮಗುವನ್ನಷ್ಟೇ ಶಾಲೆ ಬಿಟ್ಟ ಮಗು ಎಂದು ಎಣಿಸುವ ರೂಢಿ ಇತ್ತು. ಜುಲೈನಲ್ಲಿ ಕಳೆ ಕೀಳಲು ಹೋದ ಹುಡುಗಿಯ ಬಗ್ಗೆ ಇಲಾಖೆ ತಲೆಕೆಡಿಸಿಕೊಳ್ಳುವ ಹೊತ್ತಿಗೆ ಗಣಪತಿ ಹಬ್ಬ ಮುಗಿದಿರುತ್ತಿತ್ತು. ಆ ಪ್ರಕರಣದ ನಂತರ 60 ದಿನ ಏಳಕ್ಕೆ ಇಳಿಯಿತು. ಏಳು ದಿನ ಸುಳಿವಿಲ್ಲದೆ ಗೈರಾದರೆ ವಿಚಾರಣೆ ಶುರುವಾಗಬೇಕು, ಯಾರಾದರೂ ಮನೆಗೆ ಹೋಗಬೇಕು.

ಆದರೆ ಮಕ್ಕಳನ್ನು ದಿನವೂ ಶಾಲೆಗೆ ಎಳೆದು ತಂದದ್ದು ನಿಯಮಗಳಿಗಿಂತ ಹೆಚ್ಚಾಗಿ ಅಡುಗೆಮನೆ. 2002ರ ಜೂನ್‌ನಲ್ಲಿ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಮೊದಲು ಆರಂಭವಾದದ್ದು ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ. ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಆದೇಶಿಸಿತ್ತು. ಕರ್ನಾಟಕ, ರಾಜಸ್ಥಾನ, ಛತ್ತೀಸಗಡದ ಹಳ್ಳಿಗಳಲ್ಲಿ 2003ರ ಆರಂಭದಲ್ಲಿ ಸಮೀಕ್ಷೆ ನಡೆಸಿದ ಜ್ಯಾಂ ದ್ರೇಜ್ ಮತ್ತು ಅಪರಾಜಿತಾ ಗೋಯಲ್, ಒಂದೇ ವರ್ಷದಲ್ಲಿ ಒಂದನೇ ತರಗತಿಯ ದಾಖಲಾತಿ ಶೇ 15ರಷ್ಟು, ಹೆಣ್ಣುಮಕ್ಕಳದ್ದು ಶೇ 19ರಷ್ಟು ಏರಿದ್ದನ್ನು ಕಂಡರು. ಮಧ್ಯಪ್ರದೇಶದ ಬಗ್ಗೆ ಫರ್ಜಾನಾ ಅಫ್ರಿದಿ ಮಾಡಿದ ಅಧ್ಯಯನದಲ್ಲಿ ಬಿಸಿಯೂಟ ಬಂದ ಮೇಲೆ ಒಂದನೇ ತರಗತಿಯ ಹುಡುಗಿಯರ ಹಾಜರಿ 12 ಶೇಕಡಾ ಅಂಶಕ್ಕೂ ಹೆಚ್ಚು ಮೇಲೆ ಹೋಯಿತು. ಬಳ್ಳಾರಿಯಲ್ಲಿ ಹದಿನೆಂಟು ಏಟಿಗೆ ಹೆದರಿ ಎಷ್ಟು ಹುಡುಗರು ಮಠ ಬಿಟ್ಟರೋ ಯಾರೂ ಎಣಿಸಲಿಲ್ಲ. ಅನ್ನ-ಸಾರಿಗೆ ಹೆದರಿ ಶಾಲೆ ಬಿಟ್ಟವರಂತೂ ಇಲ್ಲ.

ಊಟ ಹಾಜರಿಯನ್ನು ತಂದರೆ, ಸಮಯಪಾಲನೆಗೆ ನೆರವಾದದ್ದು ಹಾಲು. ಬಿಸಿಯೂಟದ ಗಂಟೆಯ ಹೊತ್ತಿಗೆ ಸರಿಯಾಗಿ ಶಾಲೆಯ ಕಾಂಪೌಂಡಿನಲ್ಲಿ ಪ್ರತ್ಯಕ್ಷವಾಗುವ ಮಕ್ಕಳನ್ನು ಎಲ್ಲ ಮೇಷ್ಟ್ರೂ ಬಲ್ಲರು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದ ಹಾಲು ಹಾಗಲ್ಲ, ಪ್ರಾರ್ಥನೆ ಮುಗಿದ ಬೆನ್ನಿಗೇ ಲೋಟಕ್ಕೆ ಬೀಳುತ್ತದೆ. ಹಾಲಿನ ಪುಡಿ ಕಲಸಿ ಕಾಸಿದ 150 ಮಿಲಿಲೀಟರ್, ಮೊದಲು ವಾರಕ್ಕೆ ಮೂರು ದಿನ, 2017ರಿಂದ ಐದು ದಿನ. ಮನೆಯಲ್ಲಿ ಬೆಳಗ್ಗೆ ಏನೂ ತಿನ್ನದೆ ಬರುವ ಮಗುವಿಗೆ ಅದು ಮೊದಲ ಆಹಾರ. ಹೊತ್ತಿಗೆ ಮುಂಚೆ ಬಂದರೆ ಸಿಗುತ್ತದೆ, ತಡವಾದರೆ ಪಾತ್ರೆ ಬರಿದಾಗಿರುತ್ತದೆ. ಇದನ್ನು ಯೋಜನೆ ರೂಪಿಸಿದವರು ಉದ್ದೇಶಿಸಿದ್ದರೋ ಇಲ್ಲವೋ, ಬೆತ್ತಕ್ಕಿಂತ ಒಳ್ಳೆಯ ಉಪಾಯವಂತೂ ಹೌದು. ಆಮೇಲೆ ಮೊಟ್ಟೆ ಬಂತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ. ಅದರ ಸುತ್ತ ಎದ್ದ ಗದ್ದಲವನ್ನು ಇಲ್ಲಿ ಬಿಟ್ಟುಬಿಡಬಹುದು.

ಹೈಸ್ಕೂಲಿಗೆ ಬಂದಾಗ ಹಸಿವಿನ ಜೊತೆ ದೂರವೂ ಸೇರುತ್ತದೆ. ಕರ್ನಾಟಕ 2006–07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಆರಂಭಿಸಿತು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಬಿಹಾರವೂ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ಲಿಗೆ ಹಣ ಕೊಟ್ಟಿತು. ಬಿಹಾರದ ಯೋಜನೆಯನ್ನು ಅಳೆದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಹುಡುಗಿಯರ ಹೈಸ್ಕೂಲು ದಾಖಲಾತಿ ಶೇ 32ರಷ್ಟು ಏರಿದ್ದನ್ನೂ ಹುಡುಗ–ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿದ್ದನ್ನೂ ತೋರಿಸಿದರು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ನಮ್ಮಲ್ಲಿ ಕೋವಿಡ್ ಕಾಲಕ್ಕೆ ಸೈಕಲ್ ವಿತರಣೆ ನಿಂತಿತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಬಸ್ಸು ಉಚಿತವಾಯಿತು. ಆದರೆ ಊರಿಗೆ ಬೆಳಗಿನ ಬಸ್ಸು ಒಂದೇ ಇದ್ದು, ಅದೂ ತುಂಬಿ ತುಳುಕುತ್ತಾ ನಿಲ್ಲಿಸದೆ ಹೋದರೆ ಉಚಿತ ಟಿಕೆಟ್ಟು ಯಾವ ಪುರುಷಾರ್ಥಕ್ಕೆ? ಬಸ್ಸು ತಡೆದು ರಸ್ತೆಯಲ್ಲಿ ಕೂತ ವಿದ್ಯಾರ್ಥಿಗಳ ಫೋಟೊ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಪ್ರತಿ ವರ್ಷವೂ ಬರುತ್ತದೆ. ಅವರ ಕೈಯಲ್ಲಿರುವ ಮನವಿ ಪತ್ರದಲ್ಲಿ ಸಾಮಾನ್ಯವಾಗಿ ಒಂದೇ ಬೇಡಿಕೆ: ಮೊದಲ ಪೀರಿಯಡ್ಡಿಗೆ ಮುಂಚೆ ತಲುಪುವಂತೆ ಬಸ್ಸು ಬಿಡಿ.

ಮಲೆನಾಡು, ಕರಾವಳಿಯಲ್ಲಿ ದೂರಕ್ಕಿಂತ ನೀರಿನ ಕಾಟ ದೊಡ್ಡದು. ಜುಲೈ ಬಂತೆಂದರೆ ಮಕ್ಕಳು ರಾತ್ರಿಯೇ ಮೊಬೈಲು ಹಿಡಿದು ಜಿಲ್ಲಾಧಿಕಾರಿಯ ರಜೆ ಆದೇಶಕ್ಕೆ ಕಾಯುತ್ತಾರೆ. ಕಳೆದ ದಿನಗಳನ್ನು ಆಮೇಲೆ ಶನಿವಾರದ ಮಧ್ಯಾಹ್ನಗಳಲ್ಲಿ ತುಂಬಿಕೊಳ್ಳಬೇಕು. ರಜೆ ಕೊಡದ ದಿನವೂ ತೋಟದಾಚೆಯ ಮನೆಯ ಮಗು ಶಾಲೆಗೆ ಬರಬೇಕಾದರೆ ಕಾಲುಸಂಕ ದಾಟಬೇಕು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಪುಟ್ಟ ಬಾಲಕಿಯೊಬ್ಬಳು ಸಂಕದಿಂದ ಜಾರಿ ನೀರುಪಾಲಾದಳು. ಅಂಥ ಹಾದಿಯಿರುವ ಮನೆಯ ತಾಯಿ ಮಳೆ ಜೋರಿದ್ದ ದಿನ ಮಗುವನ್ನು ಕಳಿಸದಿದ್ದರೆ ಅದನ್ನು ಪೋಷಕರ ನಿರ್ಲಕ್ಷ್ಯ ಎಂದು ಯಾವ ಬಾಯಲ್ಲಿ ಹೇಳುವುದು?

ಬೆಂಗಳೂರಿನ ಮಕ್ಕಳ ಕಷ್ಟ ಬೇರೆ ಬಗೆಯದು. ಎಂಟೂವರೆಗೆ ಗೇಟು ಮುಚ್ಚುವ ಶಾಲೆಗೆ ಏಳಕ್ಕೇ ವ್ಯಾನು ಹತ್ತಬೇಕು, ಅದಕ್ಕೆ ಆರಕ್ಕೇ ಏಳಬೇಕು. ಕೆಲವು ಖಾಸಗಿ ಶಾಲೆಗಳ ಡೈರಿಯಲ್ಲಿ ಮೂರು ಸಲ ತಡವಾದರೆ ಅರ್ಧ ದಿನ ಗೈರು ಎಂಬ ಷರತ್ತಿರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಮಗುವಿಗೆ ವಿನಾಯಿತಿ ಇಲ್ಲ. 2023ರಲ್ಲಿ ನಗರದ ಸಂಚಾರ ದಟ್ಟಣೆಯ ಅರ್ಜಿ ವಿಚಾರಿಸುತ್ತಿದ್ದ ಹೈಕೋರ್ಟು ಶಾಲಾ ವೇಳೆ ಬದಲಿಸುವ ಬಗ್ಗೆ ಯೋಚಿಸಿ ಎಂದಿತು. ಇಲಾಖೆ ಅಕ್ಟೋಬರಿನಲ್ಲಿ ಸಭೆ ಕರೆದಾಗ ಆಡಳಿತ ಮಂಡಳಿಗಳೂ ಪೋಷಕರೂ ಒಪ್ಪಲಿಲ್ಲ. ಬೇಗ ಮಾಡಿದರೆ ಮಕ್ಕಳ ನಿದ್ದೆಗೆ ಕತ್ತರಿ, ತಡ ಮಾಡಿದರೆ ಅಪ್ಪ–ಅಮ್ಮನ ಆಫೀಸಿಗೆ ತೊಡಕು. ಮಹಾರಾಷ್ಟ್ರ ಮರುವರ್ಷ ನಾಲ್ಕನೇ ತರಗತಿಯವರೆಗಿನ ಶಾಲೆಗಳನ್ನು ಒಂಬತ್ತರ ಮೊದಲು ಆರಂಭಿಸಬೇಡಿ ಎಂದು ಆದೇಶಿಸಿತು. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳು ಹತ್ತರ ಸುಮಾರಿಗೆ ಶುರುವಾಗುತ್ತವೆ. ಮಕ್ಕಳ ನಿದ್ದೆಯ ವಿಷಯದಲ್ಲಿ ಅವೇ ಮುಂದೆ.

ಇಷ್ಟೆಲ್ಲವನ್ನೂ ಮೀರಿದ ಗೈರು ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಲಂಬಾಣಿ ತಾಂಡಾಗಳದ್ದು. ದಸರಾ ಮುಗಿದು ದೀಪಾವಳಿ ಬರುವ ಹೊತ್ತಿಗೆ ಜನ ಗುಳೆ ಹೊರಡುತ್ತಾರೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಮುಂಬೈ, ಪುಣೆ, ಬೆಂಗಳೂರಿಗೆ. ಶಾಲಾ ವರ್ಷ ಸುಮಾರಾಗಿ ಜೂನ್‌ನಿಂದ ಏಪ್ರಿಲ್ ಆರಂಭದವರೆಗೆ. ಕಬ್ಬಿನ ಹಂಗಾಮು ಹೆಚ್ಚಾಗಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ. ವರ್ಷದ ಅರ್ಧಭಾಗವನ್ನು ಹಂಗಾಮೇ ನುಂಗುತ್ತದೆ. ಕೂಲಿಯವರನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ಪಡೆದ ಮೇಲೆ ಗಂಡ–ಹೆಂಡತಿ ಇಬ್ಬರೂ ಹೋಗಲೇಬೇಕು. ಮನೆಯಲ್ಲಿ ಅಜ್ಜಿ ಇದ್ದರೆ ಮಗು ಉಳಿಯುತ್ತದೆ, ಇಲ್ಲದಿದ್ದರೆ ಟ್ರ್ಯಾಕ್ಟರ್ ಹತ್ತುತ್ತದೆ. ದೊಡ್ಡ ಹುಡುಗಿಯಾದರೆ ಅಲ್ಲಿ ತಮ್ಮನನ್ನು ನೋಡಿಕೊಳ್ಳುವ ಕೆಲಸ ಅವಳದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಿ ಬೇಕು ಎಂಬ ನಿಯಮವನ್ನು ಆ ಹುಡುಗಿಗೆ ಓದಿ ಹೇಳಿದರೆ ಅವಳು ಏನು ಮಾಡಬಲ್ಲಳು?

ಅವಳಿಗೆ ಬೇಕಾದದ್ದು ಉಳಿಯಲು ಒಂದು ಜಾಗ. ಇದನ್ನು ಸರ್ಕಾರವೂ ಬಲ್ಲದು. ಗುಳೆ ಹೋದವರ ಮಕ್ಕಳಿಗಾಗಿ ಊರಿನಲ್ಲೇ ಋತುಮಾನ ವಸತಿ ನಿಲಯ, ಹೋದ ಕಡೆ ಟೆಂಟ್ ಶಾಲೆ, ಮರಳಿದವರಿಗೆ ಚಿಣ್ಣರ ಅಂಗಳ ಎಂಬ ಪೂರಕ ತರಗತಿ ಎಲ್ಲವೂ ಈ ರಾಜ್ಯ ಮಾಡಿ ನೋಡಿರುವ ಪ್ರಯೋಗಗಳೇ. ವರ್ಗಾವಣೆ ಪತ್ರವಿಲ್ಲ ಎಂಬ ನೆಪ ಹೇಳಿ ಯಾವ ಶಾಲೆಯೂ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ಪುಣೆಯ ಹತ್ತಿರದ ಮರಾಠಿ ಶಾಲೆಯಲ್ಲಿ ಲಂಬಾಣಿ ಮಾತನಾಡುವ, ಕನ್ನಡದಲ್ಲಿ ಅಕ್ಷರ ಕಲಿತ ಮಗು ಏನು ಕಲಿತೀತು ಎನ್ನುವುದು ಮಾತ್ರ ಕಾಯ್ದೆಯಲ್ಲಿಲ್ಲ.

ಈಗಿನ ಉತ್ಸಾಹ ಕ್ಯಾಮೆರಾದ ಕಡೆಗಿದೆ. ಶಾಲೆಗಳಲ್ಲಿ ಮಕ್ಕಳ ಮುಖ ಗುರುತಿಸಿ ಹಾಜರಿ ಹಾಕುವ ಯೋಜನೆಯನ್ನು ರಾಜ್ಯ 2025ರಲ್ಲಿ ಪ್ರಕಟಿಸಿದಾಗ, ಮಕ್ಕಳ ಚಿತ್ರಗಳು ಎಲ್ಲಿ ಹೋಗುತ್ತವೆ, ಯಾರ ಕೈ ಸೇರುತ್ತವೆ ಎಂಬ ತಕರಾರು ಎದ್ದಿತು. ಕ್ಯಾಮೆರಾದಿಂದ ಪ್ರಯೋಜನವೇ ಇಲ್ಲವೆಂದಲ್ಲ. ಉದಯಪುರ ಜಿಲ್ಲೆಯಲ್ಲಿ ಸೇವಾ ಮಂದಿರ ಸಂಸ್ಥೆ ಶಿಕ್ಷಕರಿಗೆ ದಿನವೂ ಬೆಳಗ್ಗೆ, ಸಂಜೆ ಮಕ್ಕಳೊಂದಿಗೆ ಫೋಟೊ ತೆಗೆಸಿಕೊಳ್ಳುವಂತೆ ಹೇಳಿ, ಸಂಬಳವನ್ನು ಅದಕ್ಕೆ ಜೋಡಿಸಿದಾಗ ಶಿಕ್ಷಕರ ಗೈರು ಶೇ 42ರಿಂದ 21ಕ್ಕೆ ಇಳಿಯಿತು. ಸಂಬಳ ಪಡೆಯುವ ವಯಸ್ಕನನ್ನು ಹಾಗೆ ಹಿಡಿಯಬಹುದು. ಬಿಸಿಯೂಟದ ಲೆಕ್ಕದಲ್ಲಿ ಇಲ್ಲದ ಮಕ್ಕಳ ಹೆಸರು ಸೇರಿಸುವವರನ್ನೂ ಬಹುಶಃ ಹಿಡಿಯಬಹುದು. ಕಬ್ಬಿನ ಗದ್ದೆಯಲ್ಲಿರುವ ಹುಡುಗಿಯ ಬಗ್ಗೆ ಕ್ಯಾಮೆರಾ ಹೇಳುವುದು, ಮೇಷ್ಟ್ರಿಗೆ ಮೊದಲೇ ಗೊತ್ತಿರುವ ಒಂದೇ ಸಂಗತಿ: ಅವಳು ಇಲ್ಲ.

ಗೈರಿನ ಏಳನೇ ದಿನದ ಕೆಲಸ ಕ್ಯಾಮೆರಾ ಬಂದ ಮೇಲೂ ಹಾಗೇ ಉಳಿಯುತ್ತದೆ. ಯಾರಾದರೂ ತಾಂಡಾದವರೆಗೆ ಬೈಕು ಓಡಿಸಬೇಕು. ಮನೆಗೆ ಬೀಗ ಬಿದ್ದಿದ್ದರೆ ಪಕ್ಕದವರನ್ನು ಕೇಳಬೇಕು: ಯಾವ ಕಾರ್ಖಾನೆಗೆ ಹೋದರು, ಯಾರ ಗ್ಯಾಂಗು, ಮುಕಾದಮನ ನಂಬರ್ ಇದೆಯೇ. ಅಪ್ಪನಿಗೆ ಫೋನ್ ಹಚ್ಚಿ ಮಗಳನ್ನು ವಸತಿ ನಿಲಯದಲ್ಲಿ ಬಿಡುವಂತೆ ಒಪ್ಪಿಸಬೇಕು. ಅದಕ್ಕೂ ಮೊದಲು ಆ ವಸತಿ ನಿಲಯ ಆ ವಾರ ಬಾಗಿಲು ತೆರೆದಿದೆಯೇ, ಅಲ್ಲೊಬ್ಬ ಅಡುಗೆಯವಳೂ ರಾತ್ರಿ ಇರಲು ಒಬ್ಬ ಮೇಲ್ವಿಚಾರಕಿಯೂ ಇದ್ದಾರೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಇನ್ನೊಂದು ಫೋನ್ ಮಾಡಬೇಕು.